ಸದ್ದಡಗಿಸುವವನ ಪರವಾಗಿ

ಮೋಟಾರ್ ಸೈಕಲ್ಲಿನ ಹೊಗೆಕೊಳವೆಯನ್ನು ಮನೆಯಂಗಳದಲ್ಲಿ ಕುಳಿತು ಬಿಚ್ಚುವವರೆಲ್ಲ ಸಮಾಜಕಂಟಕರು ಎಂಬ ತೀರ್ಮಾನವೊಂದು ಈಚೆಗೆ ನಮ್ಮಲ್ಲಿ ಹೊರಟಿದೆ. ತೀರ್ಮಾನ ಕೊಟ್ಟವರು ನ್ಯಾಯಾಧೀಶರಲ್ಲ, ಇಂಜಿನಿಯರರೂ ಅಲ್ಲ; ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆ ಓದುವ ನನ್ನಂಥ, ನಿಮ್ಮಂಥ ಸಭ್ಯ ಗೃಹಸ್ಥರು. ರಾತ್ರಿ ಹನ್ನೊಂದು ಗಂಟೆಗೆ ಯಾವನೋ ಪಡ್ಡೆ ಹುಡುಗ ಬೀದಿಯನ್ನು ನಡುಗಿಸಿಕೊಂಡು ಹೋದ. ಮಲಗಿದ್ದ ಮಗು ಕಿಟಾರನೆ ಕಿರುಚಿತು. ಗೃಹಸ್ಥರು ಮರುದಿನವೇ ಸಂಪಾದಕರಿಗೆ ಓಲೆ ಬರೆದರು. ರಾತ್ರಿಯ ಈ ಹಾವಳಿಯನ್ನು ತಡೆಯಿರಿ, ಸೈಲೆನ್ಸರ್ ಬದಲಾಯಿಸಿದವರನ್ನೆಲ್ಲ ಹಿಡಿಯಿರಿ, ಮನೆಗಳಲ್ಲಿ ಇಂಥ ಕೆಲಸ ನಡೆಯುವುದನ್ನೇ ನಿಲ್ಲಿಸಿರಿ. ಮಗುವಿನ ಅಳುವಿನ ಮಟ್ಟಿಗೆ ನಾನೂ ಗೃಹಸ್ಥರ ಪಕ್ಷವೇ. ಓಲೆಯ ಕೊನೆಯ ಎರಡು ಬೇಡಿಕೆಗಳ ವಿಷಯದಲ್ಲಿ ಮಾತ್ರ ನನಗೆ ಜಗಳವಿದೆ.

ನಾನು ಹಾಸನದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ವಾಸ ಪಕ್ಕದ ಬೂವನಹಳ್ಳಿಯಲ್ಲಿ. ವಿಮಾನ ನಿಲ್ದಾಣಕ್ಕೆಂದು ಆರಿಸಿದ ಊರು ಎಂಬ ಕಾರಣದಿಂದ ಪತ್ರಿಕೆ ಓದುವವರಿಗೆ ಈ ಹೆಸರು ಹೊಸದಲ್ಲ. ಆದರೆ ವಿಮಾನದ ಸದ್ದಿನ ಮಾತು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಬೆಳಗಿನ ಐದೂವರೆಯ ಸದ್ದನ್ನು. ಆ ಹೊತ್ತಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಡುವ ಗಾಡಿಗಳಲ್ಲಿ ಮೂರಕ್ಕೊಂದಾದರೂ ತಮಟೆ ಬಡಿದಂತೆ ಬಡಿದುಕೊಳ್ಳುತ್ತದೆ. ಅದರ ಮೇಲೆ ಕುಳಿತವನಿಗೆ ಐವತ್ತು ದಾಟಿದೆ; ತಲೆಗೆ ಟವಲು ಸುತ್ತಿದೆ. ಷೋಕಿ ಎಂಬ ಮಾತಿಗೂ ಅವನಿಗೂ ನಂಟಿಲ್ಲ. ಅವನ ಸೈಲೆನ್ಸರಿಗೆ ತೂತು ಬಿದ್ದಿದೆ, ಅಷ್ಟೆ. ರಾತ್ರಿ ಹನ್ನೊಂದರ ಹುಡುಗ ತನ್ನ ಸೈಲೆನ್ಸರಿಗೆ ತೂತು ಹೊಡೆಸಿದ್ದಾನೆ. ತೂತು ಬಿದ್ದದ್ದೂ ತೂತು ಹೊಡೆಸಿದ್ದೂ ಕಿವಿಗೆ ಒಂದೇ ಸಮನಾಗಿ ಕೇಳಿಸಬಹುದು. ವಿವೇಕಕ್ಕೂ ಒಂದೇ ಸಮನಾಗಿ ಕೇಳಿಸಿದರೆ ಅದು ವಿವೇಕವಲ್ಲ.

ಸೈಲೆನ್ಸರು ಏಕೆ ತೂತು ಬೀಳುತ್ತದೆ? ಮಳೆಯಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಕಲೇಶಪುರದ ಕಡೆಯಿಂದ ಬೀಸುವ ಮಳೆಗಾಳಿ, ಕೊಟ್ಟಿಗೆಯ ಗಂಜಲ, ಗಾಡಿಯ ಮೇಲೆ ಹೇರುವ ಗೊಬ್ಬರದ ಮೂಟೆ ಇವೆಲ್ಲ ಹೊರಗಿನಿಂದ ಕೊರೆಯುವುದು ನಿಜ. ಆದರೆ ದೊಡ್ಡ ವೈರಿ ಒಳಗೇ ಇದೆ. ಪೆಟ್ರೋಲು ಉರಿದಾಗ ಹೊಗೆಯಷ್ಟೇ ಅಲ್ಲ, ನೀರೂ ಹುಟ್ಟುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು. ದೂರದ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ಗದ್ದೆಗೆ, ಗದ್ದೆಯಿಂದ ಮನೆಗೆ ಎಂದು ಅರ್ಧರ್ಧ ಮೈಲಿ ತಿರುಗುವ ಬಡವನ ಗಾಡಿಯಲ್ಲಿ ಕೊಳವೆ ಕಾಯುವುದೇ ಇಲ್ಲ. ನೀರು ಹುಳಿಯಾಗಿ ತಗ್ಗಿನಲ್ಲಿ ನಿಂತು ತಗಡನ್ನು ತಿನ್ನುತ್ತದೆ. ಬೆಂಗಳೂರಿಗೆ ಓಡಾಡುವವನ ಸೈಲೆನ್ಸರಿಗಿಂತ ಡೈರಿಗೆ ಓಡಾಡುವವನದು ಮೊದಲು ಹಾಳಾಗುವುದು ಅದಕ್ಕೇ.

ಹಾಳಾದ ಮೇಲೆ ಅವನೇನು ಮಾಡಬೇಕು? ಪೇಟೆಯ ವರ್ಕ್‌ಷಾಪಿಗೆ ಹೋದರೆ ಗಾಡಿ ಒಂದು ದಿನ ಅಲ್ಲೇ. ಗಾಡಿ ನಿಂತರೆ ಆ ದಿನದ ಕೆಲಸವೂ ನಿಂತಿತು. ಕೂಲಿ ಬೇರೆ, ಸಾಮಾನಿನ ಬೆಲೆ ಬೇರೆ. ಹೀಗಾಗಿ ಅವನು ಎಣ್ಣೆಡಬ್ಬದ ತಗಡು ಸುತ್ತಿ ತಂತಿ ಬಿಗಿಯುತ್ತಾನೆ. ತಗಡು ವಾರ ತಾಳುತ್ತದೆ. ಆಮೇಲೆ ಅವನೂ ಸದ್ದಿಗೆ ಒಗ್ಗಿಕೊಳ್ಳುತ್ತಾನೆ, ಊರೂ ಒಗ್ಗಿಕೊಳ್ಳುತ್ತದೆ. ಈ ಮನುಷ್ಯ ಅಂಗಡಿಯಿಂದ ಸರಿಯಾದ ಕೊಳವೆಯೊಂದನ್ನು ತಂದು ತನ್ನ ಅಂಗಳದಲ್ಲಿ ತಾನೇ ಕೂರಿಸಿಕೊಳ್ಳಲಿ ಎನ್ನುವುದು ನನ್ನ ವಾದ. ಅದನ್ನು ನಿಲ್ಲಿಸಿರಿ ಎನ್ನುವುದು ಸಭ್ಯ ಗೃಹಸ್ಥರ ವಾದ. ಇವೆರಡರಲ್ಲಿ ಊರಿನ ಸದ್ದನ್ನು ಕಡಮೆ ಮಾಡುವುದು ಯಾವುದು ಎಂದು ಓದುಗರೇ ಹೇಳಲಿ.

‘ಅದೇನು ಸಾಮಾನ್ಯ ಕೆಲಸವೇ? ಬಲ್ಲವರು ಮಾಡಬೇಕಾದದ್ದು’ ಎಂಬ ಆಕ್ಷೇಪ ಬರುತ್ತದೆ. ಬ್ರೇಕಿನ ವಿಷಯದಲ್ಲಾದರೆ ಈ ಮಾತಿಗೆ ನಾನೂ ತಲೆಬಾಗುತ್ತೇನೆ. ಹೊಗೆಕೊಳವೆಯ ವಿಷಯದಲ್ಲಿ ಇದು ಬರಿಯ ಬೆದರಿಕೆ. ನಮ್ಮ ಹಳ್ಳಿಗಳಲ್ಲಿ ಓಡುವ ಸಾಧಾರಣ ನೂರು ಸಿಸಿ ಗಾಡಿಯನ್ನೇ ತೆಗೆದುಕೊಳ್ಳಿ. ಇಂಜಿನ್ ಹೆಡ್ಡಿನ ಬಳಿ ಎರಡು ನಟ್ಟು, ಹಿಂದುಗಡೆ ಚೌಕಟ್ಟಿಗೆ ಹಿಡಿಸಿದ ಬೋಲ್ಟು. ಕೊಳವೆ ನಿಂತಿರುವುದು ಇಷ್ಟರ ಮೇಲೆ. ಹಿಂದಿನ ರಾತ್ರಿಯೇ ನಟ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಇಂಜಿನ್ ಪೂರಾ ತಣ್ಣಗಿರುವಾಗ ಬಿಚ್ಚಬೇಕು. ನಟ್ಟು ಹಟ ಮಾಡಿದರೆ ಬಲ ತೋರಿಸಬಾರದು. ಸ್ಟಡ್ಡು ಮುರಿದರೆ ಲೇತಿನವನ ಮನೆ ಬಾಗಿಲಿಗೆ ಹೋಗುವುದು ತಪ್ಪದು. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಹಿಂದೆಮುಂದೆ ಆಡಿಸಿದರೆ ತಾನಾಗಿ ಬರುತ್ತದೆ. ಹಳೆಯ ಕೊಳವೆ ಕಳಚಿದ ಮೇಲೆ ಹೆಡ್ಡಿನ ಬಾಯಲ್ಲಿ ಉಳಿದ ಹಳೆಯ ಗ್ಯಾಸ್ಕೆಟ್ ಬಳೆಯನ್ನು ಕೆದಕಿ ತೆಗೆಯಬೇಕು. ಅಂಗಳದ ಕೆಲಸ ಕೆಡುವುದು ಬಹುತೇಕ ಇಲ್ಲೇ. ಕೆಲವೇ ರೂಪಾಯಿಯ ಬಳೆಯನ್ನು ಉಳಿಸಲು ಹೋಗಿ ಹಳೆಯದರ ಮೇಲೇ ಹೊಸ ಕೊಳವೆ ಕೂರಿಸುತ್ತಾರೆ; ಆ ಸಂದಿನಿಂದ ಗಾಳಿ ಒಳಗೆಳೆದು, ಗಾಡಿ ಇಳಿಜಾರಿನಲ್ಲಿ ಪಟಪಟನೆ ಪಟಾಕಿ ಹಾರಿಸುತ್ತದೆ; ಆಮೇಲೆ ಕೊಳವೆಯೇ ಕಳಪೆ ಎಂದು ಬೈಯುತ್ತಾರೆ.

ಹೊಸದನ್ನು ಹಾಕುವಾಗ ಮೊದಲು ಎಲ್ಲ ನಟ್ಟುಬೋಲ್ಟುಗಳನ್ನೂ ಬೆರಳಿನಲ್ಲೇ ತಿರುಗಿಸಿ ಬಿಡಬೇಕು. ಕೊಳವೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಲಿ. ಆಮೇಲೆ ಮುಂದಿನ ಎರಡು ನಟ್ಟುಗಳನ್ನು ಒಂದಾದ ಮೇಲೊಂದು ಕಾಲುಕಾಲು ಸುತ್ತು ಬಿಗಿಯುತ್ತ ಬರಬೇಕು. ಕೊನೆಗೆ ಹಿಂದಿನ ಬೋಲ್ಟು. ಮೊದಲು ಹಿಂದಿನದನ್ನು ಬಿಗಿದವನ ಕೊಳವೆ ಮುಂದಿನ ಬಾಯಲ್ಲಿ ಓರೆಯಾಗಿಯೇ ನಿಲ್ಲುತ್ತದೆ. ಚಾಲೂ ಮಾಡುವ ಮುಂಚೆ ಬಟ್ಟೆಯಿಂದ ಒರಸಬೇಕು. ಬೆರಳಿನ ಜಿಡ್ಡು ಕಾದ ಮೇಲೆ ಕ್ರೋಮಿನ ಮೇಲೆ ಅಚ್ಚೊತ್ತಿ ಕೂರುತ್ತದೆ, ಮತ್ತೆ ಹೋಗದು. ಚಾಲೂ ಮಾಡುವುದು ಬಯಲಿನಲ್ಲಿ, ಬಾಗಿಲು ಹಾಕಿದ ಕೊಟ್ಟಿಗೆಯಲ್ಲಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊಳವೆ ಕಾಯುವ ಮೊದಲ ಅರೆನಿಮಿಷದಲ್ಲಿ ಸೇರುವೆಗೆ ಸೋಪಿನ ನೀರು ಸವರಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಒಂದು ದಿನ ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಇಷ್ಟೆ, ಸ್ವಾಮಿ. ಹಲಸಿನ ಹಣ್ಣು ಬಿಡಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಕೌಶಲ ಬೇಕು.

ಈ ಕೆಲಸವನ್ನು ಮನೆಯವನೇ ಮಾಡಬಲ್ಲ ಎಂಬುದು ನನ್ನ ಆವಿಷ್ಕಾರವಲ್ಲ. ನಮ್ಮ ಪಕ್ಕದ ಮೈಸೂರು ಅದನ್ನು ಹಿಂದೆಯೇ ಒಪ್ಪಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಲ್ಲಿ ಮೊದಲು ಜಾವಾ, ಆಮೇಲೆ ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರ್ ಸೈಕಲ್ಲುಗಳು ಹೊರಬಂದವು. ೧೯೯೬ರಲ್ಲಿ ಬಾಗಿಲು ಮುಚ್ಚುವ ತನಕ ಬಂದವು. ಆ ೨೫೦ ಸಿಸಿ ಗಾಡಿಗೆ ಸಿಲಿಂಡರು ಒಂದೇ, ಹೊಗೆಕೊಳವೆ ಎರಡು, ಎಡಕ್ಕೊಂದು ಬಲಕ್ಕೊಂದು. ಟೂ-ಸ್ಟ್ರೋಕ್ ಇಂಜಿನ್ನು, ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಆದ್ದರಿಂದ ಯೆಜ್ಡಿ ಸಾಕಿದವನು ಆಗಾಗ ಸೈಲೆನ್ಸರಿನ ಹಿಂಬದಿಯ ಬಾಫಲನ್ನು ಎಳೆದು ಮಸಿ ತೆಗೆಯಲೇಬೇಕಿತ್ತು. ಇಡೀ ಕೊಳವೆ ಬಿಚ್ಚಬೇಕಾದರೆ ಸಿಲಿಂಡರಿನ ಬಾಯಲ್ಲಿರುವ ದುಂಡನೆಯ ನಟ್ಟಿಗೆ ಕೊಕ್ಕೆಯ ಸ್ಪ್ಯಾನರು ಬೇಕು. ಮಾಸ್ತರರು, ಗುಮಾಸ್ತರು, ಪೋಸ್ಟ್ ಮಾಸ್ತರರು ಭಾನುವಾರ ಬನಿಯನ್ನಿನಲ್ಲಿ ಕುಳಿತು ಆ ಕೆಲಸ ಮಾಡುತ್ತಿದ್ದರು. ಕೆಲವರು ಬಾಫಲನ್ನು ಬಚ್ಚಲ ಒಲೆಗೇ ಇಟ್ಟು ಮಸಿ ಸುಡುತ್ತಿದ್ದರು. ಮನೆಯಾಕೆ ಬೈಯುತ್ತಿದ್ದುದು ಹೊಗೆಗಾಗಿ, ಹೊರತು ಗೌರವ ಕಡಮೆಯಾಯಿತೆಂದಲ್ಲ. ಇಂದಿಗೂ ಮೈಸೂರು, ಬೆಂಗಳೂರುಗಳಲ್ಲಿ ಹಳೆಯ ಯೆಜ್ಡಿಗಳು ಓಡುತ್ತಿದ್ದರೆ ಅದು ಕಾರ್ಖಾನೆಯ ಕೃಪೆಯಿಂದಲ್ಲ, ಕಾರ್ಖಾನೆ ಹೋಗಿಯೇ ಬಹಳ ಕಾಲವಾಯಿತು. ಇಂಥ ಕೈಗಳ ಕೃಪೆಯಿಂದ. ಆ ಮಾಸ್ತರರ ಮಕ್ಕಳೇ ಈಗ ಸಂಪಾದಕರಿಗೆ ಓಲೆ ಬರೆಯುತ್ತಿರುವುದು.

ಇನ್ನು ಹುಡುಗರ ಸರದಿ. ಅವರ ಬಗ್ಗೆ ನನಗೆ ಮೃದುತ್ವವಿದೆಯೆಂದು ಯಾರೂ ತಿಳಿಯಬಾರದು. ನಮ್ಮ ಬೀದಿಯ ಹುಡುಗನೊಬ್ಬ ಹೊಸ ಕೊಳವೆ ತಂದು, ಅದರೊಳಗಿನ ಸದ್ದು ತಡೆಯುವ ತುಂಡನ್ನು ಕಿತ್ತು ಕಸಕ್ಕೆ ಎಸೆಯುತ್ತಿದ್ದ. ಏಕಯ್ಯಾ ಎಂದೆ. “ಸದ್ದಿಲ್ದಿದ್ರೆ ಪವರ್ರೇ ಇರಲ್ಲ ಮೇಷ್ಟ್ರೇ” ಎಂದ. ಬುಲೆಟ್ಟಿಗೆ ‘ಪಂಜಾಬಿ’, ‘ಇಂದೋರಿ’ ಎಂದು ಹೆಸರಿಟ್ಟು ಮಾರುವ ಕೊಳವೆಗಳೆಲ್ಲ ಬದುಕಿರುವುದು ಈ ಒಂದು ಮೂಢನಂಬಿಕೆಯ ಮೇಲೆ. ದೆವ್ವಭೂತಗಳ ವಿರುದ್ಧ ಭಾಷಣ ಮಾಡುವ ನಾವು ಈ ಮೌಢ್ಯದ ವಿರುದ್ಧ ಒಂದು ಮಾತು ಆಡಿಲ್ಲ.

ನಿಜಸಂಗತಿ ಇದಕ್ಕೆ ತಿರುಗುಮುರುಗು. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ಕಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತದೆ. ಜಾತ್ರೆಯ ದಿನ ಗುಡಿಯಿಂದ ಹೊರಬರುವ ಜನದ ನೂಕಿನಲ್ಲಿ ಒಳಹೋಗಬೇಕಾದವನೂ ಹೊರಗೆ ಬಂದುಬಿಡುವಂತೆ, ಹೊಸ ಪೆಟ್ರೋಲಿನ ಒಂದಂಶ ಉರಿಯದೆಯೇ ಕೊಳವೆಗೆ ಹಾರುತ್ತದೆ. ಕೊಳವೆಯ ಉದ್ದ, ಉಬ್ಬು, ಕೊನೆಯ ಕಿರಿದು ಬಾಯಿ ಇವು ಲೆಕ್ಕವಾಗಿದ್ದರೆ, ಹೊರಟ ಒತ್ತಡದ ಅಲೆ ಕಿರಿದಾದಲ್ಲಿ ಬಡಿದು ಹಿಂದಿರುಗಿ, ತಪ್ಪಿಸಿಕೊಂಡ ಮಿಶ್ರಣವನ್ನು ಮತ್ತೆ ಸಿಲಿಂಡರಿಗೇ ನೂಕುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರು ೧೯೫೦ರ ದಶಕವೆಲ್ಲ ಕುಳಿತು ಸಾಧಿಸಿದ್ದು ಇದನ್ನೇ. ಕಾಸಿಲ್ಲದ ಆ ಸಣ್ಣ ಕಾರ್ಖಾನೆ ಪ್ರಪಂಚದ ದೊಡ್ಡವರನ್ನು ಪಂದ್ಯಗಳಲ್ಲಿ ನಡುಗಿಸಿತು. ಮೈಸೂರಿನಲ್ಲಿ ಜಾವಾ ಹೊರಟ ಅದೇ ೧೯೬೧ರಲ್ಲಿ ಕಾಡೆನ್ನನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದಿಂದಲೇ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿ, ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಮುಟ್ಟಿಸಿದ. ಮರುವರ್ಷವೇ ಸುಜುಕಿಯ ಮೇಲೆ ಕುಳಿತು ೫೦ ಸಿಸಿಯ ವಿಶ್ವ ಪದವಿ ಗೆದ್ದ. ಒಂದು ಹೊಗೆಕೊಳವೆಯ ಆಕಾರಕ್ಕಾಗಿ ಮನುಷ್ಯ ದೇಶವನ್ನೇ ಬಿಟ್ಟುಹೋದ ಕಥೆ ಇದು. ನಮ್ಮ ಹುಡುಗ ಆ ಆಕಾರವನ್ನು ಮೂರು ನಿಮಿಷದಲ್ಲಿ ಕಿತ್ತು ತಿಪ್ಪೆಗೆ ಎಸೆದು, ಪವರು ಬಂತೆಂದು ಹಿಗ್ಗುತ್ತಾನೆ. ಫೋರ್-ಸ್ಟ್ರೋಕ್ ಗಾಡಿಗೆ ಲೆಕ್ಕ ಬೇರೆ, ಆದರೆ ಅಲ್ಲೂ ಕಾರ್ಖಾನೆಯವರು ಪೆಟ್ರೋಲು ಗಾಳಿಗಳ ಅಳತೆಯನ್ನು ಕೊಳವೆಗೆ ಹೊಂದಿಸಿಯೇ ಇಟ್ಟಿರುತ್ತಾರೆ. ೨೦೨೦ರ ಏಪ್ರಿಲ್ಲಿನಿಂದ ಬಂದ ಬಿಎಸ್-೬ ಗಾಡಿಗಳಲ್ಲಂತೂ ಕೊಳವೆಯಲ್ಲೇ ಆಮ್ಲಜನಕ ಅಳೆಯುವ ಸೆನ್ಸರು, ವಿಷದ ಹೊಗೆಯನ್ನು ಪಳಗಿಸುವ ಪರಿವರ್ತಕ ಎಲ್ಲ ಇವೆ. ಪರಿವರ್ತಕದೊಳಗಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದನ್ನು ಗುಜರಿಗೆ ಕೊಟ್ಟು ಖಾಲಿ ಡಬ್ಬ ತಂದು ಹಾಕಿಕೊಳ್ಳುವವನ ಲೆಕ್ಕಾಚಾರ ನನಗೆ ಇನ್ನೂ ತಿಳಿದಿಲ್ಲ.

ಸದ್ದಿನ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ೨೦೦೩ರ ಜನವರಿಯಿಂದ ಕಾರ್ಖಾನೆಯಿಂದ ಹೊರಬರುವ ಎರಡು ಚಕ್ರದ ಗಾಡಿಗೆ, ೮೦ರಿಂದ ೧೭೫ ಸಿಸಿಯ ಒಳಗಿದ್ದರೆ ೭೭ ಡೆಸಿಬೆಲ್, ಅದಕ್ಕೂ ದೊಡ್ಡದಾದರೆ ೮೦ ಎಂದು ಮಿತಿ ಗೊತ್ತುಮಾಡಿದೆ. ಡೆಸಿಬೆಲ್ಲಿನ ಏಣಿ ಸಾಧಾರಣ ಏಣಿಯಲ್ಲ. ಹತ್ತು ಮೆಟ್ಟಿಲು ಏರಿದರೆ ಸದ್ದಿನ ಶಕ್ತಿ ಹತ್ತರಷ್ಟು, ಇಪ್ಪತ್ತು ಏರಿದರೆ ನೂರರಷ್ಟು. ೭೭ರ ಗಾಡಿಯನ್ನು ೯೭ಕ್ಕೆ ಏರಿಸಿದವನು ನೂರು ಗಾಡಿಗಳನ್ನು ಒಮ್ಮೆಗೇ ಬೀದಿಯಲ್ಲಿ ಓಡಿಸಿದಂತಾಯಿತು. ವಸತಿ ಪ್ರದೇಶದ ರಾತ್ರಿಗೆ ೨೦೦೦ದ ಶಬ್ದಮಾಲಿನ್ಯ ನಿಯಮಗಳು ಇಟ್ಟಿರುವ ಮಿತಿ ೪೫. ಹಳ್ಳಿಗೆ ಸದ್ದು ಹೊಸದೇ, ಹಬ್ಬದಲ್ಲಿ ತಮಟೆ ಬಡಿಯುವುದಿಲ್ಲವೇ ಎಂದು ಕೇಳುವ ಜಾಣರಿದ್ದಾರೆ. ತಮಟೆಗೆ ಹೊತ್ತುಂಟು, ಗೊತ್ತುಂಟು. ದೇವರು ಗುಡಿಗೆ ಹೋದ ಮೇಲೆ ಅದು ಸುಮ್ಮನಾಗುತ್ತದೆ. ಎತ್ತಿನ ಗಾಡಿಯ ಅಚ್ಚು ಕಿರ್ರೆಂದರೆ ಕೀಲೆಣ್ಣೆ ಹಾಕದ ಸೋಮಾರಿ ಎಂದು ಊರು ನಗುತ್ತಿತ್ತು. ಆ ನಾಚಿಕೆ ಎತ್ತುಗಳ ಜೊತೆಗೇ ಹೋಯಿತೋ ಏನೋ.

ಹಾಗಾದರೆ ಕಾನೂನು ಏನನ್ನುತ್ತದೆ? ನಮ್ಮ ಗೃಹಸ್ಥರು ತಿಳಿದಿರುವುದಕ್ಕಿಂತ ಕಾನೂನು ವಿವೇಕವುಳ್ಳದ್ದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುವುದು, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಟನ್ನು. ಹಾಳಾದದ್ದನ್ನು ತೆಗೆದು ಅದೇ ಬಗೆಯದನ್ನು ಹಾಕುವುದು ಮಾರ್ಪಾಟಲ್ಲ, ದುರಸ್ತಿ. ಅದನ್ನು ವರ್ಕ್‌ಷಾಪಿನಲ್ಲಿ ಹಾಕಿದರೂ ಒಂದೇ, ಹಿತ್ತಿಲಲ್ಲಿ ಹಾಕಿದರೂ ಒಂದೇ. ೧೯೮೯ರ ಕೇಂದ್ರ ನಿಯಮಗಳಲ್ಲಿ ೧೨೦ನೆಯದು, ಪ್ರತಿಯೊಂದು ಮೋಟಾರು ವಾಹನದಲ್ಲೂ ಹೊಗೆಯ ಸದ್ದನ್ನು ಸಾಧ್ಯವಾದಮಟ್ಟಿಗೆ ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು ಹೇಳುತ್ತದೆ. ಎಂದರೆ ತೂತು ಬಿದ್ದ ಕೊಳವೆ ಬದಲಿಸುವವನು ಕಾನೂನು ಮುರಿಯುತ್ತಿಲ್ಲ, ಪಾಲಿಸುತ್ತಿದ್ದಾನೆ. ೨೦೧೯ರ ತಿದ್ದುಪಡಿ ಬಂದ ಮೇಲೆ ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನ ಮೇಲೆ ಒಂದೊಂದಕ್ಕೆ ೫,೦೦೦ ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸದ್ದು ಹೊಗೆಗಳ ಮಿತಿ ಮೀರಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದರೆ ೧೦,೦೦೦ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಎರಡನೆಯ ಬಲೆಗೆ ಹಾಲಿನವನೂ ಬೀಳುತ್ತಾನೆ. ಹುಡುಗನ ಅಪ್ಪ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬರುತ್ತಾನೆ. ಹಾಲಿನವನು ಗಾಡಿಯನ್ನು ಅಲ್ಲಿಯೇ ಬಿಟ್ಟುಬರುವುದೂ ಉಂಟು. ದಂಡ ಗಾಡಿಗಿಂತ ದುಬಾರಿ.

ರೋಡ್ ರೋಲರಿನ ಪ್ರದರ್ಶನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಈಚಿನ ವರ್ಷಗಳಲ್ಲಿ ರಾಜ್ಯದ ಹಲವು ಊರುಗಳ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ, ಅವುಗಳ ಮೇಲೆ ರೋಲರು ಹರಿಸಿ, ಫೋಟೋ ಹೊಡೆಸಿದ್ದಾರೆ. ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ಮುರಿದದ್ದು ಕೊಳವೆ, ಮಾರಿದ ಅಂಗಡಿ ಬಾಗಿಲು ತೆರೆದೇ ಇದೆ. ಗಾಜಿನ ಕಪಾಟಿನಲ್ಲಿ ಮಿರಮಿರನೆ ತೂಗುಹಾಕಿ, ರಸೀದಿ ಕೊಟ್ಟು ಮಾರಿದ್ದನ್ನು ಹದಿನೆಂಟರ ಹುಡುಗ ಕೊಂಡ. ಕೊಂಡವನು ಅಪರಾಧಿ, ಮಾರಿದವನು ವರ್ತಕ. ರೋಲರಿನ ಕೆಳಗೆ ಹೋದ ಸಾಲಿನಲ್ಲಿ ಬರಿಯ ತುಕ್ಕಿಗೆ ತೂತಾದವು ಎಷ್ಟಿದ್ದವು ಎಂದು ಯಾರಾದರೂ ಬೇರ್ಪಡಿಸಿ ನೋಡಿದರೇ? ಆ ರೋಲರಿನದೇ ಸದ್ದು ಎಷ್ಟು ಡೆಸಿಬೆಲ್ಲೆಂದು ಅಳೆದವರಂತೂ ನನಗೆ ಸಿಕ್ಕಿಲ್ಲ.

ಮನೆಮನೆಯಲ್ಲಿ ಈ ಕೆಲಸ ಕಲಿಸಿದರೆ ಹುಡುಗರು ಇನ್ನಷ್ಟು ಕೆಡುತ್ತಾರೆ ಎಂಬ ಮಾತನ್ನು ನನ್ನ ಸಹೋದ್ಯೋಗಿಗಳೊಬ್ಬರು ಹೇಳಿದರು. ಕೆಡಲು ಕಲಿಯಬೇಕಾಗಿಲ್ಲ, ಸ್ವಾಮಿ. ಕೀಳುವುದಕ್ಕೆ ಒಂದು ಇಕ್ಕಳ ಸಾಕು. ಕೂರಿಸುವುದಕ್ಕೆ ವಿದ್ಯೆ ಬೇಕು. ಒಮ್ಮೆ ಕೊಳವೆಯ ಹೊಟ್ಟೆಯನ್ನು ಕೊಯ್ದು ತೋರಿಸಿ, ಈ ಗೋಡೆ ಏಕೆ, ಈ ರಂಧ್ರಗಳ ಸಾಲು ಏಕೆ, ಅಲೆ ಇಲ್ಲಿ ಹೇಗೆ ತಿರುಗುತ್ತದೆ ಎಂದು ಹೇಳಿ ನೋಡಿ. ಹತ್ತರಲ್ಲಿ ಆರು ಹುಡುಗರು ಆಮೇಲೆ ಅದಕ್ಕೆ ಕೈಯಿಡಲಾರರು. ಉಳಿದ ನಾಲ್ವರಿಗೆ ದಂಡವಿದೆ.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಜನ ಈ ವಸ್ತುವನ್ನು ಹೊಗೆಕೊಳವೆ ಎನ್ನುವುದಿಲ್ಲ, ಎಕ್ಸಾಸ್ಟ್ ಎನ್ನುವುದಿಲ್ಲ. ಮುಂದಿನ ಬಾಯಿಂದ ಹಿಂದಿನ ತುದಿಯ ತನಕ ಒಟ್ಟಿಗೆ ‘ಸೈಲೆನ್ಸರ್’ ಎನ್ನುತ್ತಾರೆ. ಹೊಗೆ ಸಾಗಿಸುವುದು ಅದರ ದೊಡ್ಡ ಕೆಲಸವಾದರೂ ಜನ ಹೆಸರಿಟ್ಟದ್ದು ಸದ್ದಡಗಿಸುವ ಕೆಲಸಕ್ಕೆ. ಈಗ ಅದೇ ಮಾತು ತಲೆಕೆಳಗಾಗಿದೆ. “ಅವನು ಸೈಲೆನ್ಸರ್ ಹಾಕ್ಸವ್ನೆ” ಎಂದರೆ ಊರು ಒಡೆಯುವಂತೆ ಸದ್ದು ಮಾಡುವ ಗಾಡಿಯವನು ಎಂದು ಅರ್ಥ. ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಭಾಷೆ ನಮ್ಮದು, ಆ ಭಾಷೆಯಲ್ಲಿ, ಗಾಡಿಯ ಜೊತೆ ಕೊಡುವ ಪುಸ್ತಕದಷ್ಟಾದರೂ ತಿಳಿಯಾಗಿ, ಒಂದು ಕೊಳವೆ ಕೂರಿಸುವ ಬಗೆಯನ್ನು ಬರೆದುಕೊಡಲು ನಮ್ಮಂಥ ಎಂ.ಎ.ಗಳಿಗೆ ಕೈ ಬರುವುದಿಲ್ಲ. ಗ್ರೀಸು ಹತ್ತಿದ ಕೈಯನ್ನು ಕಂಡರೆ ನಮಗೆ ಒಂದು ಬಗೆಯ ಹೇಸಿಗೆ. ಆ ಹೇಸಿಗೆಯೇ ವೇಷ ಹಾಕಿಕೊಂಡು, ಶಾಂತಿಪ್ರಿಯತೆಯ ಹೆಸರಿನಲ್ಲಿ ಸಂಪಾದಕರಿಗೆ ಓಲೆ ಬರೆಯುತ್ತಿದೆ ಎಂಬ ಗುಮಾನಿ ನನ್ನದು.

ನಾನು ಕೇಳುವುದು ದೊಡ್ಡದೇನಲ್ಲ. ಕಿತ್ತ ಕೊಳವೆ ಮಾರುವ ಅಂಗಡಿಗೆ ಮೊದಲು ಹೋಗಲಿ ಪೊಲೀಸರು, ಗಾಡಿಯ ಬಳಿಗೆ ಆಮೇಲೆ. ರಸ್ತೆಯಲ್ಲಿ ಹಿಡಿಯುವಾಗ ಕಿವಿಯಿಂದಲ್ಲ, ಮಾಪಕದಿಂದ ಹಿಡಿಯಲಿ. ತುಕ್ಕಿನ ತೂತು ಕಂಡರೆ ಹದಿನೈದು ದಿನ ಗಡುವು ಕೊಟ್ಟು ಬಿಡಲಿ. ಹೊಸದು ಹಾಕಿ ತಂದು ತೋರಿಸಿದವನಿಗೆ ದಂಡ ಬೇಡ. ನಮ್ಮ ಕಾಲೇಜಿನ ಸೈಕಲ್ ಷೆಡ್ಡು ಶನಿವಾರ ಮಧ್ಯಾಹ್ನದ ಮೇಲೆ ಖಾಲಿ ಬಿದ್ದಿರುತ್ತದೆ. ನನ್ನಲ್ಲಿ ಒಂದು ಸೆಟ್ಟು ಸ್ಪ್ಯಾನರು ಇದೆ, ಕೊಯ್ದು ತೋರಿಸಲು ಹಳೆಯ ಸೈಲೆನ್ಸರುಗಳು ಎರಡಿವೆ. ಅಲೆಯ ಪಾಠವನ್ನು ಭೌತವಿಜ್ಞಾನದವರು ಹೇಳಿಕೊಡಬೇಕು. ಕೇಳಿದ್ದೇನೆ, ಪರೀಕ್ಷೆ ಮುಗಿಯಲಿ ಎಂದಿದ್ದಾರೆ.